ಕಾರಿಗೆ ಮೂರು ಕೇಳಿದಾನೆ

ಗಾಜಿನಾಚೆ ಕೂತಿದ್ದ ಹಿರಿಯರು ಕೈ ಎತ್ತಿದರು. ಅವನಿನ್ನೂ ಯಾವ ಸದ್ದನ್ನೂ ಬಿಟ್ಟಿರಲಿಲ್ಲ. ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು, ಅಷ್ಟೇ. ಕಿವಿ ಮುಚ್ಚುವ ದಪ್ಪ ಹೆಡ್‌ಫೋನು ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಉತ್ತರ ಗೊತ್ತಿಲ್ಲದಿದ್ದರೂ ಕೈ ಎತ್ತುವ ಶಾಲೆಯ ಹುಡುಗನ ಹಾಗೆ ಅವರು ನಗುತ್ತಿದ್ದರು. ಬ್ಯಾಂಕಿನ ಶಾಖೆಯೊಂದನ್ನು ಬಹಳ ವರ್ಷ ಆಳಿದವರಂತೆ; ಬಾಗಿಲು ದಾಟುವ ಮೊದಲೇ ಅದನ್ನು ಹೇಳಿಕೊಂಡಿದ್ದರು. ಸದ್ದು ಕೇಳಿಸಿದರೆ ಮಾತ್ರ ಕೈ ಎತ್ತಿ ಎಂದು ಅವನೂ ಬಿಡಿಸಿ ಹೇಳಿದ್ದ. ಕಿವಿ ಪರೀಕ್ಷೆಯ ಈ ಪುಟ್ಟ ಕೋಣೆಯಲ್ಲಿ, ದಿಂಬು ಹೊದಿಸಿದಂಥ ಗೋಡೆಗಳ ಮುಂದೆ ಕೂತು ಕೂತು ಅವನಿಗೆ ಒಂದು ವಿಷಯ ಗೊತ್ತಾಗಿತ್ತು. ಜನ ಹೊಟ್ಟೆನೋವಿನ ಬಗ್ಗೆ ಸುಳ್ಳು ಹೇಳುವುದಿಲ್ಲ, ಮಂಡಿನೋವನ್ನು ಒಂದಕ್ಕೆರಡು ಮಾಡಿ ಹೇಳುತ್ತಾರೆ, ಕಿವಿಯ ವಿಷಯ ಬಂದರೆ ಮಾತ್ರ ಒಬ್ಬರಿಗಿಂತ ಒಬ್ಬರು ಸುಳ್ಳರು. ಕೇಳಿಸಲಿಲ್ಲ ಅಂದರೆ ಮರ್ಯಾದೆ ಹೋಯಿತು. 'ಆಂ?' ಅಂತ ಎರಡನೇ ಸಲ ಅಂದಾಗ ಎದುರಿನವರ ಮುಖದಲ್ಲಿ ಸುಳಿಯುವ ಬೇಸರ ಇದೆಯಲ್ಲ, ಅದನ್ನು ನೋಡುವುದಕ್ಕಿಂತ ತಲೆಯಾಡಿಸಿಬಿಡುವುದು ವಾಸಿ. ಬೇರೆ ದಿನವಾಗಿದ್ದರೆ ಅವನು ಮೆಲ್ಲಗೆ, ಇನ್ನೊಂದು ಸಲ ನೋಡೋಣ ಅನ್ನುತ್ತಿದ್ದ. ಇವತ್ತು ಒಳಗಿಂದ ಸಿಟ್ಟು ಉಕ್ಕಿಬಂತು. ಕೇಳಿಸದೆ ಯಾಕಯ್ಯಾ ಕೈ ಎತ್ತುತ್ತೀಯ, ಅಂತ ಬಾಯಿಗೇ ಬಂದಿತ್ತು. ತಕ್ಷಣ ನಾಚಿಕೆಯೂ ಆಯಿತು. ಅಮ್ಮನ ಫೋನಿನಲ್ಲಿ ಆ ಒಂದು ಮಾತು ಬಂದಾಗ ಅವನೂ ಮಾಡಿದ್ದು ಇದನ್ನೇ ಅಲ್ಲವೆ? ಹೂಂ, ಸರಿ ಬಿಡು, ಅಂದಿದ್ದ. ಏನೂ ಆಗಿಲ್ಲವೇನೋ ಅನ್ನುವ ಹಾಗೆ.

ಆಗಿದ್ದು ಇಷ್ಟು. ಅವನ ಕೆಲಸದ ಜಾಗ ಮನೆಯ ಹತ್ತಿರದ ಬೀದಿಗೇ ಬಂದ ಮೇಲೆ ಕಾರು ನಿಂತಲ್ಲೇ ಧೂಳು ಹಿಡಿಯತೊಡಗಿತ್ತು. ತಂಗಿಗೆ ಕಾರು ಬೇಕಿತ್ತು. ಅವಳು ಮನೆಮನೆಗೆ ಹೋಗಿ ಮುರಿದು ಕೂಡಿದ ಮೂಳೆಗಳಿಗೆ, ಮರಗಟ್ಟಿದ ಭುಜಗಳಿಗೆ ವ್ಯಾಯಾಮ ಮಾಡಿಸುವವಳು. ತೂಕದ ಪಟ್ಟಿಗಳು, ರಬ್ಬರ್ ಪಟ್ಟಿಗಳು, ಒಂದು ಯಂತ್ರ ತುಂಬಿದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಂದ ಬಸ್ಸಿಗೆ ಹತ್ತಿ ಇಳಿಯುವವಳು. ಊರವರ ಭುಜ ಸರಿಮಾಡುತ್ತಾ ಇವಳ ಭುಜ ಹೋಯಿತು ಅಂತ ಅಮ್ಮ ಗೊಣಗುತ್ತಿದ್ದಳು. ಒಂದು ದಿನ ತಂಗಿ, ಕೈ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, 'ಕಾರು ಕೊಡೋದಾದ್ರೆ ನಂಗೆ ಮೊದಲು ಹೇಳಣ್ಣ' ಅಂದಿದ್ದಳು. ನಿನಗಲ್ಲದೆ ಇನ್ಯಾರಿಗೆ ಅಂತ ಇವನೂ ಧಾರಾಳವಾಗಿ ಅಂದುಬಿಟ್ಟಿದ್ದ. ಅಂದ ಗಳಿಗೆಯಿಂದ ಬೆಲೆ ಅನ್ನುವುದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಸುಮ್ಮನೆ ಕೊಟ್ಟುಬಿಡುವಷ್ಟು ಅನುಕೂಲ ಅವನಿಗಿಲ್ಲ. ಇಷ್ಟು ಕೊಡು ಅಂತ ಒಡಹುಟ್ಟಿದವಳ ಮುಖ ನೋಡಿ ಹೇಳುವಷ್ಟು ನಾಲಿಗೆಯೂ ಇಲ್ಲ. ಕೊನೆಗೆ, ಮೊದಲು ಪೇಟೆಯ ಬೆಲೆ ತಿಳಿದುಕೊಳ್ಳೋಣ, ಆಮೇಲೆ ಅದರಲ್ಲಿ ಅಣ್ಣತನವನ್ನು ಕಳೆದರಾಯಿತು ಎಂದು ಲೆಕ್ಕ ಹಾಕಿ, ಹಳೇ ಕಾರುಗಳ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲನ್ನು ತೆಗೆದು ಹಾಕಿ ಮಾಡಿ, ಮೂರು ಅಂದ. ಮೂರು ಅಂದರೆ ಎಷ್ಟು ಅಂತ ಇಂಥ ಕಡೆ ಯಾರೂ ಬಿಡಿಸಿ ಹೇಳುವುದಿಲ್ಲ. ಸೊನ್ನೆಗಳು ಎಲ್ಲರಿಗೂ ಗೊತ್ತಿರುತ್ತವೆ.

ಆ ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದ. ಅಮ್ಮ ಇರುವುದು ತಂಗಿಯ ಜೊತೆಗೆ. ಇಬ್ಬರ ನಡುವಿನ ಸುದ್ದಿಯೆಲ್ಲ ಅವಳ ಮೂಲಕವೇ ಹಾದುಹೋಗುವುದು ಮನೆಯ ರೂಢಿ. ಹಳೇ ಕಾರು ಕೊಳ್ಳೋನ ಹತ್ರ ಹೋಗಿದ್ದೆ ಅಂದು, ಕೊನೆಗೆ, ಕಾರಿಗೆ ಮೂರು ಕೇಳಿದಾನೆ ಅಂತ ಕುಳ್ಳಿಗೆ ಹೇಳು, ಅಂದಿದ್ದ. ಕುಳ್ಳಿ ಅಂದರೆ ತಂಗಿ. ಅವಳು ಅವನಿಗಿಂತ ಗೇಣುದ್ದ ಬೆಳೆದು ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ಕುಳ್ಳಾಗಿಯೇ ಉಳಿದಿತ್ತು. ಅವನ ಮನಸ್ಸಿನಲ್ಲಿ ಇದ್ದದ್ದೇನೆಂದರೆ, ಮೂರು ಅಂತ ಕೇಳಿದ ಕೂಡಲೇ ಅವಳು ಹೌಹಾರಿ ಫೋನು ಮಾಡಬೇಕು, ಅವನಿಗೆ ಕೊಡಬೇಡಣ್ಣ, ನನ್ನ ಕೈಲಾಗೋದು ಇಷ್ಟು ಅನ್ನಬೇಕು, ಅಯ್ಯೋ ಅಷ್ಟೇ ಕೊಡು ಮಾರಾಯ್ತಿ ಅಂತ ಇವನು ದೊಡ್ಡ ಮನಸ್ಸು ಮಾಡಬೇಕು. ಫೋನು ಬರಲಿಲ್ಲ. ಮಾರನೇ ದಿನ ಅಮ್ಮನೇ, ಬೇಳೆ ತೊಳೆಯುವಾಗ ಆಡುವ ಮಾತಿನ ಹಾಗೆ, ಹೇಳಿದೆ ಕಣೋ, ಸರಿ ಕೊಡಲಿ ಅಂದ್ಲು, ಅಂದಳು. ಕೊಡಲಿ ಅಂದ್ಲಾ? ಹೂಂ, ಕೊಡಲಿ ಅಂದ್ಲು. ಅಷ್ಟೇ. ಅವನಿಗೆ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯಿತು. ವ್ಯಾಪಾರಿಗೆ ಕೊಟ್ಟುಕೊಳ್ಳಲಿ, ನನಗೇನು ಅವನ ಕಾರೇ ಗತಿಯಾ, ಅನ್ನುವ ಧಾಟಿ. ಅಮ್ಮನ ಕಿವಿ ಸರಿಯಿಲ್ಲ ಅಂದುಕೊಳ್ಳೋಣವೆಂದರೆ ಅದನ್ನು ಪರೀಕ್ಷೆ ಮಾಡಿದವನು ಅವನೇ. ಪಕ್ಕದ ಮನೆಯ ಪಿಸುಮಾತೂ ಹಿಡಿಯುವ ಕಿವಿ. ಅವತ್ತಿನಿಂದ ತಂಗಿ ದಿನಾ ಕಳಿಸುತ್ತಿದ್ದ ಪೆದ್ದು ಪೆದ್ದು ಚಿತ್ರಗಳೂ ನಿಂತುಹೋದವು. ಹೆಂಡತಿ ನೋಡುವಷ್ಟು ನೋಡಿ, ಸ್ವಂತ ತಂಗಿಗೆ ಒಂದು ಫೋನು ಮಾಡೋಕೆ ಏನು ಧಾಡಿ ನಿಮಗೆ, ಅಂದಳು. ಮಾಡಿದರೆ, ಬೇಡ ಅಂದವಳ ಬೆನ್ನುಬಿದ್ದು ಕಾರನ್ನು ತಲೆಗೆ ಕಟ್ಟಿದ ಹಾಗಾಗುತ್ತದೆ ಅಂದ ಅವನು. ಮಾಡದಿದ್ದರೆ? ಅಂದಳು ಅವಳು. ಅವನು ಸ್ನಾನಕ್ಕೆ ಹೋದ.

ಬ್ಯಾಂಕಿನ ಹಿರಿಯರ ಪರೀಕ್ಷೆ ಮುಗಿಯಿತು. ಎಡಗಿವಿ ಅರ್ಧ ಹೋಗಿತ್ತು, ಬಲಗಿವಿ ಅದರ ಹಿಂದೆಯೇ ಹೊರಟಿತ್ತು. ಅವರು ಮಾತ್ರ, ನಂಗೆ ಎಲ್ಲಾ ಕೇಳುತ್ತೆ, ಮನೆಯವರೇ ಬಾಯೊಳಗೆ ಮಾತಾಡ್ತಾರೆ, ಅಂದರು. ಜೊತೆಗೆ ಬಂದಿದ್ದ ಸೊಸೆ ಛಾವಣಿ ನೋಡಿದಳು. ಅವರು ಹೋದ ಮೇಲೆ ಹೆಡ್‌ಫೋನನ್ನು ಒರೆಸಿಡುವಾಗ ಅವನಿಗೆ ಯಾಕೋ ಬಾಮೈದನ ಫ್ರಿಜ್ಜು ನೆನಪಾಯಿತು. ಹೆಂಡತಿಯ ತಮ್ಮ ಊರು ಬಿಟ್ಟು ಹೋಗುವಾಗ ತನ್ನ ಫ್ರಿಜ್ಜನ್ನು, ನೀವು ಮನೆಯವರಲ್ವಾ ಭಾವ, ಅಂತ ಅರ್ಧ ಬೆಲೆಗೆ ಕೊಟ್ಟಿದ್ದ. ಆವತ್ತು ಎಷ್ಟು ಖುಷಿಪಟ್ಟಿದ್ದರು. ಆದರೆ ಬಾಮೈದ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಟ್ಟವನೇ ನೆಟ್ಟಗೆ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು, ಹೇಗಿದೆ ನಮ್ಮ ಹುಡುಗ, ಅನ್ನುತ್ತಿದ್ದ. ಒಮ್ಮೆ ಊಟಕ್ಕೆ ಬಂದ ಹೊರಗಿನವರ ಎದುರಿಗೇ, ಮಂಜು ಕಟ್ಟಲು ಬಿಟ್ಟಿದ್ದೀರಲ್ಲ ಭಾವ, ಅಂತ ಚಮಚದಿಂದ ಕೆರೆದು ತೋರಿಸಿದ್ದ. ಇವನು ಹಲ್ಲು ಕಿರಿದು ನಿಂತಿದ್ದ. ಸ್ವಂತ ಅಡುಗೆಮನೆಯಲ್ಲಿ, ಸ್ವಂತ ದುಡ್ಡು ಕೊಟ್ಟ ಫ್ರಿಜ್ಜಿನ ಮುಂದೆ, ಬಾಡಿಗೆದಾರನ ಹಾಗೆ. ಉಳಿದ ಆ ಅರ್ಧ ಬೆಲೆಯನ್ನು ಅವನು ಎಷ್ಟು ವರ್ಷ ಹಲ್ಲು ಕಿರಿದು ತೀರಿಸಿದನೋ ಏನೋ. ಫ್ರಿಜ್ಜು ಕೆಟ್ಟು ನಿಂತ ದಿನ ಹೆಂಡತಿ ಅಯ್ಯೋ ಅಂದಳು. ಅವನಿಗೆ ಒಳಗೊಳಗೇ ಹಬ್ಬವಾಗಿತ್ತು.

ತಂಗಿಯ ಮೇಲಿನ ಸಿಟ್ಟಿನಲ್ಲಿ, ಮೂರಕ್ಕೇ ತಗೊಳ್ಳಿ ಅಂತ ಅವನು ವ್ಯಾಪಾರಿಗೆ ಹೇಳಿಬಿಟ್ಟಿದ್ದ; ಈಗ ವ್ಯಾಪಾರಿಯ ಫೋನು ಬಂತು. ಸಂಜೆ ಗಾಡಿ ತನ್ನಿ ಸಾರ್, ಎರಡೂ ಕೀಲಿ ತನ್ನಿ, ಒಂದೇ ಕೀಲಿ ಇದ್ರೆ ಕೊಳ್ಳೋರು ಅನುಮಾನ ಪಡ್ತಾರೆ, ಅಂದ. ಎರಡನೇ ಕೀಲಿ ತಂಗಿಯ ಮನೆಯಲ್ಲಿತ್ತು. ಒಮ್ಮೆ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡು ಮಾರುಕಟ್ಟೆಯ ಮುಂದೆ ಪೆಚ್ಚಾಗಿ ನಿಂತ ಮೇಲೆ, ಇದು ನನ್ನ ಹತ್ರ ಇರಲಿ ಅಂತ ತಂಗಿಯೇ ಇಸಿದುಕೊಂಡಿದ್ದಳು. ಕೀಲಿಗಾಗಿ ಹೋಗಲೇಬೇಕು. ಹೋಗುವುದು, ಬಾಗಿಲಲ್ಲೇ ನಿಂತು ಕೀಲಿ ತಗೊಳ್ಳುವುದು, ಕೆಲಸ ಇದೆ ಅನ್ನುವುದು, ಬರುವುದು. ಬಿಸಿಲಿನ್ನೂ ಇತ್ತು. ಕಾರಿನೊಳಗೆ ಕೂತಾಗ ಕಾದ ರೆಗ್ಜಿನಿನ ವಾಸನೆ, ಯಾವ ಕಾಲದಲ್ಲೋ ಚೆಲ್ಲಿದ ಕಾಫಿಯ ಹಳಸಲು ಸಿಹಿ, ಮೂಗಿಗೆ ಹಿತವಾಗಿ ಬಡಿಯಿತು. ನಾಳೆಯಿಂದ ಇದರೊಳಗೆ ಯಾರೋ ಕೂರುತ್ತಾರೆ ಅನ್ನುವುದು ಅವನಿಗೆ ಅಷ್ಟಾಗಿ ಚುಚ್ಚಲಿಲ್ಲ. ತಂಗಿ ಕೂರುವುದಿಲ್ಲ ಅನ್ನುವುದು ಚುಚ್ಚಿತು. ಅವಳಿಗೆ ಅವನು ಕೊಡದ ವಸ್ತುವೇ ಇರಲಿಲ್ಲವಲ್ಲ. ಹೆಗಲಪಟ್ಟಿ ಕಿತ್ತ ಶಾಲೆಯ ಚೀಲ, ಮೂಲೆ ಮಡಿಸಿದ ಪುಸ್ತಕ, ಅವನಿಗೆ ಬಿಗಿಯಾದ ಸ್ವೆಟರು, ಗಂಟೆ ಬಾರಿಸದ ಸೈಕಲ್ಲು. ಅಣ್ಣಂದು ತಂಗಿಗೆ ಅನ್ನುವುದು ಆ ಮನೆಯಲ್ಲಿ ಗಡಿಯಾರದ ಮುಳ್ಳಿನಷ್ಟು ಸಹಜವಾಗಿತ್ತು. ಕೊಡುವಾಗ ತನ್ನ ಎದೆ ಉಬ್ಬುತ್ತಿದ್ದುದು ಅವನಿಗೆ ನೆನಪಿದೆ. ಇಸಿದುಕೊಳ್ಳುವಾಗ ಅವಳ ಮುಖ ಹೇಗಿತ್ತು ಅನ್ನುವುದು ಎಷ್ಟು ತಡಕಿದರೂ ನೆನಪಾಗಲಿಲ್ಲ. ಹಿಂದಿನಿಂದ ಯಾರೋ ಹಾರ್ನು ಬಾರಿಸಿದರು. ದೀಪ ಹಸಿರಾಗಿ ಎಷ್ಟೋ ಹೊತ್ತಾಗಿತ್ತು.

ಅವಳು ಸ್ವಂತ ಕೆಲಸ ಶುರುಮಾಡಿದಾಗ ರೋಗಿಗಳನ್ನು ಮಲಗಿಸುವ ಮೇಜೊಂದನ್ನು ಅವನೇ ಕೊಡಿಸಿದ್ದ, ಮುಚ್ಚಿಹೋದ ಯಾವುದೋ ದವಾಖಾನೆಯಿಂದ. ನೆಂಟರು ಸೇರಿದಾಗಲೆಲ್ಲ, ಮೇಜು ಗಟ್ಟಿಯಾಗಿದೆಯಾ ಕುಳ್ಳಿ, ಅಂತ ಕೇಳುತ್ತಿದ್ದನಲ್ಲ? ಕೇಳುತ್ತಿದ್ದ. ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದ. ಅಯ್ಯೋ ಪಾಪಿ, ಅಂದುಕೊಂಡ. ಬಾಮೈದನಿಗೂ ನಿನಗೂ ಏನಯ್ಯಾ ವ್ಯತ್ಯಾಸ? ಅವನು ಚಮಚ ಹಿಡಿದಿದ್ದ, ನೀನು ಹಿಡಿದಿರಲಿಲ್ಲ, ಅಷ್ಟೇ. ಕಿವಿಯ ಹಿಂದೆ ಬಿಸಿಯಾಯಿತು. ಅದಕ್ಕೇ ಅವಳು ಕೊಡಲಿ ಅಂದದ್ದು. ಇನ್ನೊಂದು ಮೇಜು ಬೇಡ ಅಂತ. ನಿನ್ನ ಕಾರಿನಲ್ಲಿ ಓಡಾಡಿ, ನೀನು ಬಂದಾಗಲೆಲ್ಲ ಕಾರಿನ ಆರೋಗ್ಯದ ವರದಿ ಒಪ್ಪಿಸುವ ಕರ್ಮ ಬೇಡ ಅಂತ. ಅವಳಾದರೂ ಏನು ತಪ್ಪು ಮಾಡಿದಳು? ಈ ಯೋಚನೆ ಬಂದಾಗ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು, ಆದರೆ ಆ ಜಾಗದಲ್ಲಿ ಬಂದು ಕೂತದ್ದು ಇನ್ನೂ ಭಾರವಾಗಿತ್ತು. ಸಿಟ್ಟನ್ನಾದರೂ ಇನ್ನೊಬ್ಬರ ಮೇಲೆ ಹೊರಿಸಬಹುದು. ಕಾರು ಹೋದರೆ ಹೋಗಲಿ. ತಂಗಿ ಇನ್ನು ಮುಂದೆ ಅಮ್ಮನ ಫೋನಿನ ಆಚೆ ತುದಿಯಲ್ಲಿ ಬರೀ ಒಂದು ಸುದ್ದಿಯಾಗಿ ಉಳಿದುಬಿಡುತ್ತಾಳೇನೋ ಅಂತ ಅವನಿಗೆ ಹೆದರಿಕೆಯಾಗಿತ್ತು.

ತಂಗಿಯ ಮನೆಯ ಗೇಟು ಹಾರು ಹೊಡೆದಿತ್ತು. ಯಾವಾಗಲೂ ಅರ್ಧ ಮಾತ್ರ ತೆಗೆಯುವ ಗೇಟು. ಇನ್ನರ್ಧಕ್ಕೆ ಹೂಕುಂಡಗಳು ಒರಗಿಕೊಂಡಿರುತ್ತಿದ್ದವು. ಇವತ್ತು ಕುಂಡಗಳೆಲ್ಲ ಗೋಡೆಯ ಪಕ್ಕಕ್ಕೆ ಸರಿದು, ಒಂದರ ಮೇಲೊಂದು ಬಿದ್ದುಕೊಂಡಿದ್ದ ಹಳೇ ಡಬ್ಬಗಳು ಮಾಯವಾಗಿ, ಗೇಟಿನಿಂದ ಮೆಟ್ಟಿಲಿನವರೆಗೆ ಉದ್ದಕ್ಕೆ ಒಂದು ಜಾಗ ಖಾಲಿಯಾಗಿತ್ತು. ಕುಂಡಗಳಿದ್ದ ಕಡೆ ನೆಲದ ಮೇಲೆ ಗುಂಡಗಿನ ಕಲೆಗಳು. ಯಾರೋ ಉಜ್ಜಿ ತೊಳೆದಿದ್ದರು, ನೀರಿನ್ನೂ ಪೂರ್ತಿ ಆರಿರಲಿಲ್ಲ. ಮನೆಗೆ ಬಣ್ಣ ಹೊಡೆಸುತ್ತಾರೇನೋ ಅಂದುಕೊಂಡು ಕಾರನ್ನು ಬೀದಿಯಲ್ಲೇ ನಿಲ್ಲಿಸಿದ. ಬಾಗಿಲು ತೆಗೆದವಳು ತಂಗಿ. ಕೆಲಸದಿಂದ ಆಗಷ್ಟೇ ಬಂದಿದ್ದಳೆಂದು ಕಾಣುತ್ತದೆ, ಹೆಗಲ ಮೇಲೆ ಬ್ಯಾಗಿನ ಪಟ್ಟಿಯ ಗುರುತು ಅಂಗಿಯನ್ನು ಸುಕ್ಕುಗಟ್ಟಿಸಿತ್ತು. ಅವಳು ಅವನ ಮುಖ ನೋಡದೆ ಬೀದಿಯ ಕಡೆ ನೋಡಿ, ಒಳಗೇ ತಂದು ನಿಲ್ಲಿಸಬಹುದಿತ್ತು, ಅಂದಳು. ಇಲ್ಲ, ಹೊರಡಬೇಕು, ಕೀಲಿ ಕೊಡು, ಅಂದ ಅವನು. ಕೀಲಿ ನನ್ನ ಹತ್ರಾನೇ ಇದೆಯಲ್ಲ ಅಂತ ಅವಳು ಹುಬ್ಬು ಗಂಟಿಕ್ಕಿದಳು. ಅದೇ, ಅದನ್ನೇ ಕೊಡು, ಅಂದ. ಇಬ್ಬರೂ ಪರಭಾಷೆಯವರ ಹಾಗೆ ಬಾಗಿಲ ಆಚೆ ಈಚೆ ನಿಂತರು. ಅಮ್ಮ ಒಳಗಿನಿಂದ, ಬಾಗಿಲಲ್ಲೇ ಯಾಕೆ ನಿಂತಿದೀರಿ, ಸೊಳ್ಳೆ ಬರುತ್ತೆ, ಅಂದಳು.

ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ. ತಂಗಿ ಕೂರಲಿಲ್ಲ.

"ದುಡ್ಡು ಹೇಗೆ ಕೊಡ್ಲಿ?" ಅಂದಳು. "ಖಾತೆಗೆ ಹಾಕ್ಲಾ, ಚೆಕ್ ಬೇಕಾ?"

"ಯಾವ ದುಡ್ಡು?"

"ಇನ್ಯಾವ ದುಡ್ಡು? ಕಾರಿಂದು. ಮೂರು."

"ನಿನ್ನ ಯಾರು ಮೂರು ಕೇಳಿದ್ರು?"

"ನೀನೇ ಕೇಳಿದೆಯಂತೆ. ಅಮ್ಮ ಬಂದು ಹೇಳಿದ್ಲು. ಕಾರಿಗೆ ಮೂರು ಕೇಳಿದಾನೆ ಅಂತ."

"ನಾನೆಲ್ಲಿ ಕೇಳಿದೆ? ಆ ವ್ಯಾಪಾರಿ ಕೇಳಿದಾನೆ ಅಂದೆ. ಅವನಿಗೇ ಕೊಡಲಿ ಅಂದೋಳು ನೀನು."

"ಅವನಿಗಾ?" ತಂಗಿಯ ದನಿ ಇಳಿಯಿತು. "ನನಗೆ ಕೊಡಲಿ ಅಂದೆ ಕಣೋ."

ಇಬ್ಬರೂ ತಿರುಗಿ ಅಮ್ಮನನ್ನು ನೋಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ನನ್ನ ಯಾಕೆ ಹಾಗೆ ನೋಡ್ತೀರಿ, ನೀನು ಹೇಳಿದ್ದನ್ನ ಇವಳಿಗೆ ಹೇಳಿದೆ, ಇವಳು ಹೇಳಿದ್ದನ್ನ ನಿನಗೆ ಹೇಳಿದೆ, ಒಂದಕ್ಷರ ಹೆಚ್ಚಿಗಿಲ್ಲ ಒಂದಕ್ಷರ ಕಡಿಮೆ ಇಲ್ಲ, ಅಂದಳು. ನಿಜ. ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಯಾರು ಅನ್ನುವ ಒಂದು ಮಾತು ಮಾತ್ರ ಎರಡೂ ಕಡೆ ಬಿಟ್ಟುಹೋಗಿತ್ತು. ಅದನ್ನು ಯಾರು ತಾನೇ ಹೇಳುತ್ತಾರೆ? ಬಂದ, ಹೋದ, ಕೇಳಿದ ಅಂದರೆ ಮುಗಿಯಿತು, ಯಾರು ಅಂತ ಕೇಳುವವರ ತಲೆಯಲ್ಲಿ ಇರುತ್ತದೆ. ಅವನ ತಲೆಯಲ್ಲಿ ವ್ಯಾಪಾರಿ ಇದ್ದ, ತಂಗಿಯ ತಲೆಯಲ್ಲಿ ಅಣ್ಣ ಇದ್ದ. ಕೊಳ್ಳುವವನೂ ಮೂರು ಕೇಳುತ್ತಾನೆ, ಮಾರುವವನೂ ಮೂರು ಕೇಳುತ್ತಾನೆ. ಇದೆಂಥ ಮಾತಪ್ಪಾ ನಮ್ಮದು ಅಂದುಕೊಂಡ. ದಿನವಿಡೀ ಕೇಳಿಸ್ತಾ, ಕೇಳಿಸ್ತಾ ಅಂತ ಊರವರ ಪ್ರಾಣ ತಿನ್ನುವ ತಾನು, ಒಂದೇ ಒಂದು ಸಲ, ಯಾರಿಗಮ್ಮಾ ಕೊಡಲಿ ಅಂದದ್ದು, ಅಂತ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಬ್ಯಾಂಕಿನ ಹಿರಿಯರ ಹಾಗೆ ಕೈ ಎತ್ತಿದ್ದ.

ಮೊದಲು ನಕ್ಕವಳು ತಂಗಿ. ನಗು ಅನ್ನುವುದಕ್ಕಿಂತ ಮೂಗಿನಿಂದ ಬಂದ ಒಂದು ಸದ್ದು. ಆಮೇಲೆ ತಡೆಯಲಾಗದೆ ಗೋಡೆಗೆ ಒರಗಿಬಿಟ್ಟಳು. ಅವನಿಗೂ ನಗು ಬಂತು. ಮನಸ್ಸು ಹಗುರಾಯಿತು. ಅವಳು ಬೇಡ ಅಂದಿರಲಿಲ್ಲ. ಅಂದಿರಲೇ ಇಲ್ಲ. ಆ ಕುಂಡಗಳನ್ನು ಸರಿಸಿದ್ದು, ಆ ನೆಲ ಉಜ್ಜಿದ್ದು ಕಾರಿಗಾಗಿ. ಅವನು ಕಣ್ಣೊರೆಸಿಕೊಂಡು, ಆ ಹಗುರದಲ್ಲೇ, ಯೋಚನೆ ಗೀಚನೆ ಏನೂ ಮಾಡದೆ, ಮೂರೆಲ್ಲಾ ಯಾರು ಕೇಳ್ತಾರೆ ಹುಚ್ಚಿ, ನೀನು ಎರಡು ಕೊಡು ಸಾಕು, ಅಂದುಬಿಟ್ಟ.

ತಂಗಿಯ ನಗು ನಿಂತಿತು. ಸಿಟ್ಟಲ್ಲ. ಅವಳ ಮುಖ ಮುಚ್ಚಿಕೊಂಡಿತು, ಅಷ್ಟೇ. ಇಸಿದುಕೊಳ್ಳುವಾಗ ಅವಳ ಮುಖ ಹೇಗಿರುತ್ತಿತ್ತು ಅಂತ ದಾರಿಯುದ್ದಕ್ಕೂ ತಡಕಿದ್ದನಲ್ಲ, ಹೀಗೇ ಇರುತ್ತಿತ್ತು. ಎಷ್ಟು ಸಲ ನೋಡಿಯೂ ನೋಡಿರಲಿಲ್ಲವಲ್ಲ ಅಂದುಕೊಂಡ.

"ಮೂರು ಅಂತ ಅಮ್ಮ ಹೇಳಿದ ದಿನ ನಂಗೆ ತುಂಬಾ ಸಿಟ್ಟು ಬಂತು," ಅಂದಳು. ಮಾತನ್ನು ಅವಳು ನೆಲಕ್ಕೆ ಹೇಳುತ್ತಿದ್ದಳು. "ಸ್ವಂತ ತಂಗಿ ಹತ್ರ ಪೇಟೆ ಬೆಲೆ ಕೇಳ್ತಾನಲ್ಲ ಅಂತ. ನಿನಗೆ ಬಾಯಿಗೆ ಬಂದ ಹಾಗೆ ಬೈದೆ, ಮನಸ್ಸಿನಲ್ಲೇ. ಆಮೇಲೆ ಒಂದು ದಿನ ಯಾರದೋ ಮಂಡಿ ಬಗ್ಗಿಸ್ತಾ ಇದ್ದಾಗ ಹೊಳೀತು. ನೀನು ಇಷ್ಟು ವರ್ಷದಲ್ಲಿ ನನ್ನ ಹತ್ರ ಏನನ್ನಾದರೂ ಕೇಳಿದ್ದು ಇದೇ ಮೊದಲು. ಬೇರೆ ಯಾರನ್ನಾದ್ರೂ ಕೇಳೋ ಹಾಗೇ ಕೇಳಿದಾನೆ, ನಾನು ಕೊಡಬಲ್ಲೆ ಅಂತ ಅವನಿಗೆ ಅನ್ನಿಸಿದೆ ಅಂತ ಖುಷಿಯಾಯ್ತು ಅಣ್ಣ. ನಿಜವಾಗ್ಲೂ ಖುಷಿಯಾಯ್ತು. ಈಗ ನೋಡಿದ್ರೆ ನೀನು ಕೇಳೇ ಇಲ್ಲ."

ಅಡುಗೆಮನೆಯಲ್ಲಿ ಏನೋ ಉಕ್ಕುವ ಸದ್ದಾಯಿತು. ಅಮ್ಮ ಹೋಗಿ ಉರಿ ಸಣ್ಣಗೆ ಮಾಡಿ ಬಂದಳು. ಅವನು ಕೂತಲ್ಲೇ ತನ್ನ ಅಂಗೈ ನೋಡಿಕೊಂಡ. ಎರಡು ಅಂದದ್ದು ಪ್ರೀತಿಯಿಂದಲೇ, ಅದರಲ್ಲಿ ಕಪಟವಿರಲಿಲ್ಲ. ಆದರೆ ಉಳಿದ ಒಂದನ್ನು ಅವಳು ಎಷ್ಟು ವರ್ಷ ತೀರಿಸಬೇಕಾಗುತ್ತಿತ್ತು? ಅವನು ಬಂದಾಗಲೆಲ್ಲ ಗಾಡಿ ಹೇಗಿದೆ ಅನ್ನುತ್ತಾನೆ. ಅನ್ನದೇ ಇರಲು ಅವನ ಕೈಲಾಗುವುದಿಲ್ಲ, ತಾನೆಂಥವನು ಅಂತ ಅವನಿಗೆ ಗೊತ್ತು. ಚಮಚ ಹಿಡಿದುಕೊಂಡೇ ಬರುತ್ತಾನೆ. ಅವಳು ಹಲ್ಲು ಕಿರಿಯುತ್ತಾಳೆ. ಸರಿಯಾದ ಬೆಲೆಯೆಂದರೆ ತನಗೆ ಸಮಾಧಾನ ಕೊಡುವ ಬೆಲೆ ಅಂತ ಇಷ್ಟು ದಿನ ಅಂದುಕೊಂಡು ಒದ್ದಾಡಿದ್ದ. ಅದಲ್ಲ. ಕೊಟ್ಟ ಮೇಲೆ ಅವಳು ತನ್ನ ಮುಂದೆ ತಲೆ ಎತ್ತಿಕೊಂಡು ಕಾರಿನ ಬಾಗಿಲನ್ನು ಧಡಾರ್ ಅಂತ ಹಾಕುವ ಹಾಗಿರಬೇಕು, ಅದು ಬೆಲೆ. ಕುರ್ಚಿಯ ತುದಿಯಿಂದ ಎದ್ದು ನಿಂತ.

"ಸರಿ," ಅಂದ. "ಈಗ ಕೇಳ್ತಾ ಇದೀನಿ. ಮೂರು ಕೊಡು."

ತಂಗಿ ತಲೆ ಎತ್ತಿ ಅವನನ್ನು ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಅಂತ ನೋಡಿದಳು. ಆಮೇಲೆ ಕೈ ಕಟ್ಟಿಕೊಂಡು, ಮೊದಲು ಗಾಡಿ ನೋಡಬೇಕು, ಅಂದಳು. ನೋಡೋದೇನಿದೆ, ದಿನಾ ನೋಡಿರೋ ಗಾಡಿ, ಅಂತ ಅಮ್ಮ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಅವಳು ಕಾರನ್ನು ನೋಡಿದ ರೀತಿಗೆ ವ್ಯಾಪಾರಿ ನಾಚಬೇಕಿತ್ತು. ನಡೆಯಲಾಗದೆ ಬಂದ ರೋಗಿಯನ್ನು ನೋಡುವ ಹಾಗೆ ಮೊದಲು ದೂರ ನಿಂತು ನೋಡಿದಳು. ಗಾಡಿ ಒಂದು ಕಡೆಗೆ ವಾಲಿದೆ ಅಂದಳು. ವಾಲಿರೋದು ಬೀದಿ, ಅಂದ ಅವನು. ಮುಂದಿನ ಟಯರುಗಳ ಮೇಲೆ ಹೆಬ್ಬೆರಳು ಒತ್ತಿ, ಬೋಳಾಗಿವೆ, ಹೊಸವು ಹಾಕಿಸಬೇಕು ಅಂದಳು. ಇನ್ನೂ ಒಂದು ವರ್ಷ ಓಡ್ತವೆ ಅಂದ. ನಿನ್ನ ತಲೆ ಓಡುತ್ತೆ, ನಾನು ಮಳೇಲಿ ರೋಗಿಗಳ ಮನೆಗೆ ಹೋಗೋಳು ಅಂದಳು. ಒಳಗೆ ಕೂತು ಕ್ಲಚ್ಚು ಒತ್ತಿದಳು, ಮೂಗು ಮುರಿದಳು, ಇದನ್ನ ಒತ್ತಿ ಒತ್ತಿ ನಿನ್ನ ಮಂಡಿ ಇನ್ನೂ ನೆಟ್ಟಗಿರೋದೇ ಹೆಚ್ಚು ಅಂದಳು. ಅವನು ಬಿಡಲಿಲ್ಲ. ಎಂಜಿನ್ನು ಒಂದು ದಿನ ಕೈಕೊಟ್ಟಿಲ್ಲ, ಎಣ್ಣೆ ಬದಲಾಯಿಸೋದು ಒಂದು ಸಲಾನೂ ತಪ್ಪಿಸಿಲ್ಲ, ಆ ವ್ಯಾಪಾರಿ ಇದನ್ನೇ ಒರೆಸಿ ಮೂರೂವರೆಗೆ ಮಾರ್ತಾನೆ ಅಂದ. ಅವನು ಮೂರು ಅಂದ್ರೆ ಕೈಗೆ ಬರೋದು ಎರಡೂವರೆ, ಕೊನೇ ಗಳಿಗೇಲಿ ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತಾನೆ, ಅಂದಳು ಅವಳು. ದನಿಗಳು ಏರಿದವು. ಎದುರು ಮನೆಯ ಕಿಟಕಿಯ ಪರದೆ ಸರಿಯಿತು. ಒಡಹುಟ್ಟಿದೋರು ಬೀದೀಲಿ ನಿಂತು ಚೌಕಾಸಿ ಮಾಡ್ತೀರಲ್ಲ, ಯಾರಾದ್ರೂ ಏನಂದುಕೊಳ್ಳಲ್ಲ, ಅಂತ ಅಮ್ಮ ಗೇಟಿನ ಹತ್ತಿರ ನಿಂತು ಹಲ್ಲು ಕಚ್ಚಿ ಹೇಳಿದಳು. ಅವನಿಗೆ ಮೈಯೆಲ್ಲ ಬೆವೆತಿತ್ತು, ಮತ್ತು ಇಷ್ಟು ಸುಖವಾಗಿ ತಂಗಿಯ ಜೊತೆ ಮಾತಾಡಿ ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ.

ಟಯರಿನ ಬೆಲೆ, ಕ್ಲಚ್ಚಿನ ಕೆಲಸದ ಖರ್ಚು ಕಳೆದು ಅವಳು ಎರಡೂ ಮುಕ್ಕಾಲು ಅಂದಳು. ಲೆಕ್ಕ ಸರಿಯಾಗಿತ್ತು. ಅವನ ಕಣ್ಣು ಅವಳ ಹೆಗಲ ಮೇಲಿನ ಆ ಪಟ್ಟಿಯ ಗುರುತಿಗೆ ಹೋಯಿತು. ಹೋಗಲಿ ಬಿಡು, ಎರಡೂವರೆ ಕೊಡು, ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಂದು ಅಲ್ಲೇ ಕುಣಿಯಿತು. ಎಷ್ಟು ಸುಲಭದ ಮಾತು, ಎಷ್ಟು ದೊಡ್ಡವನನ್ನಾಗಿ ಮಾಡುವ ಮಾತು. ಬಾಲ್ಯದಿಂದ ಅವನು ಆಡಿಕೊಂಡು ಬಂದದ್ದೇ ಆ ಮಾತನ್ನು. ಅವನು ಬಾಯಿ ಬಿಗಿಹಿಡಿದು ಅದನ್ನು ನುಂಗಿದ. ನುಂಗುವಾಗ ನಿಜಕ್ಕೂ ನೋವಾಯಿತು.

"ಎರಡೂ ಮುಕ್ಕಾಲು," ಅಂದ. "ಅದಕ್ಕಿಂತ ಕಡಿಮೆಗೆ ಕೊಡಲ್ಲ."

"ಆಯ್ತು," ಅಂದಳು ತಂಗಿ. ಅವಳ ಮುಖ ತೆರೆದುಕೊಂಡಿತು.

ವ್ಯಾಪಾರಿಗೆ ಫೋನು ಮಾಡಿ, ಗಾಡಿ ಹೋಯ್ತು, ಕ್ಷಮಿಸಿ, ಅಂದ. ಯಾರಿಗೆ ಸಾರ್ ಅಂತ ಅವನು ಕೇಳಿದ. ಮನೆಯವರಿಗೆ ಅಂದಾಗ, ಹಂಗಾದ್ರೆ ಕೈ ಸುಟ್ಕೊಂಡ್ರಿ ಬಿಡಿ ಸಾರ್, ಅಂತ ನಕ್ಕ. ಇ‌ಲ್ಲಪ್ಪಾ, ಒಳ್ಳೇ ಗಿರಾಕಿ, ಅಂದ ಅವನು. ಮಗ್ಗುಲಲ್ಲಿ ನಿಂತು ದುಡ್ಡು ಕಳಿಸುತ್ತಿದ್ದ ತಂಗಿ ತಲೆ ಎತ್ತದೆಯೇ ಹಿಗ್ಗಿದ್ದು ಅವನಿಗೆ ಕಾಣಿಸಿತು. ಅಮ್ಮ ಇಬ್ಬರಿಗೂ ಕಾಫಿ ತಂದು, ಇನ್ನು ಮೇಲೆ ನಿಮ್ಮಿಬ್ಬರ ಮಾತು ನೀವೇ ಆಡ್ಕೊಳ್ಳಿ, ನನ್ನ ನಡುವೆ ಎಳೀಬೇಡಿ, ಅಂತ ಮುಖ ಊದಿಸಿಕೊಂಡು ಹೋದಳು. ನಾಳೆ ಸಂಜೆ ಅವಳೇ ಫೋನು ಮಾಡುತ್ತಾಳೆ ಅಂತ ಇಬ್ಬರಿಗೂ ಗೊತ್ತಿತ್ತು. ಹೊರಡಲು ಎದ್ದಾಗಷ್ಟೇ ಅವನಿಗೆ ಹೊಳೆದದ್ದು, ಮನೆಗೆ ಹೋಗಲು ತನ್ನ ಹತ್ತಿರ ಕಾರಿಲ್ಲ. ಬಸ್ಸಿಗೆ ಹೋಗುತ್ತೇನೆ ಅನ್ನಲು ಬಾಯಿ ತೆರೆದವನು, ಅದನ್ನೂ ಅಲ್ಲಿಗೇ ಬಿಟ್ಟ.

"ಕುಳ್ಳಿ, ನನ್ನ ಮನೆಗೆ ಬಿಡ್ತೀಯಾ?"

"ಹತ್ತು," ಅಂದಳು.

ಅವಳು ಚಾಲಕನ ಸೀಟನ್ನು ಕಟಕಟ ಅಂತ ಹಿಂದಕ್ಕೆ ಸರಿಸಿಕೊಂಡಳು. ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿದಳು. ಅವನು ಪಕ್ಕದ ಸೀಟಿನಲ್ಲಿ, ಆ ಕಾರಿನಲ್ಲಿ ಎಂದೂ ಕೂರದ ಜಾಗದಲ್ಲಿ, ಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂತ. ಅಲ್ಲಿಂದ ಬೀದಿಯೇ ಬೇರೆಯಾಗಿ ಕಂಡಿತು: ದರ್ಜಿಯೊಬ್ಬ ಅಂಗಡಿಯ ಕದ ಎಳೆಯುತ್ತಿದ್ದ, ಯಾರೋ ಮಹಡಿಯ ಮೇಲಿನ ಬಟ್ಟೆ ಒಳಗೆ ತೆಗೆದುಕೊಳ್ಳುತ್ತಿದ್ದರು. ಎಷ್ಟೋ ಸಲ ಇದೇ ದಾರಿಯಲ್ಲಿ ಓಡಾಡಿಯೂ ಇದನ್ನೆಲ್ಲ ಅವನು ನೋಡಿರಲಿಲ್ಲ. ತಿರುವಿನಲ್ಲಿ ಅವಳು ಬೇಗ ಹೊರಳಿಸಿದಾಗ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅಲ್ಲಿ ಬ್ರೇಕಿರಲಿಲ್ಲ. ತಂಗಿ ಓರೆಗಣ್ಣಿನಲ್ಲಿ ನೋಡಿ, ಏನು, ಅಂದಳು. ಏನಿಲ್ಲ, ಅಂದ ಅವನು, ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಮುಂದಿನ ತಿರುವಿಗೆ ಕಾಲು ಏಳಲಿಲ್ಲ. ಅದರ ಮುಂದಿನದು ಬಂತೋ ಇಲ್ಲವೋ ಅವನಿಗೆ ತಿಳಿಯದು. ಅಷ್ಟು ದಿನ ಸರಿಯಾಗಿ ಹತ್ತದಿದ್ದ ನಿದ್ದೆ ಬೆಲ್ಟಿಗೆ ಒರಗಿದವನನ್ನು ಹಾಗೇ ಕೆಳಕ್ಕೆ ಎಳೆದುಕೊಂಡಿತ್ತು. ತಂಗಿ ಭುಜ ಅಲ್ಲಾಡಿಸಿ ಎಬ್ಬಿಸಿದಾಗ ಕಾರು ಅವನ ಮನೆಯ ಮುಂದೆ ನಿಂತಿತ್ತು.

"ಇಳಿ," ಅಂದಳು. "ಗೊರಕೆ ಹೊಡೀತಾ ಇದ್ದೆ."

"ನಂಗೇನೂ ಕೇಳಿಸ್ಲಿಲ್ಲ," ಅಂದ ಅವನು, ಮತ್ತು ಬಾಗಿಲನ್ನು ಮೆಲ್ಲಗೆ ಹಾಕಿದ, ಇನ್ನೊಬ್ಬರ ಗಾಡಿಯಿಂದ ಇಳಿದವರು ಹಾಕುವ ಹಾಗೆ.